ಮಂಗನ ಹಿಡಿತ

"ಗಿಟಾರಿನ ಮೇಲೆ ಹಿಡಿತ ಬೇಕು" ಎಂದು ಮೈನಾ ಮೇಷ್ಟ್ರು ಹೇಳಿದ ದಿನದಿಂದ ಮಂಗ ಅದರ ಕತ್ತನ್ನು ಬಿಗಿಯಾಗಿ ಹಿಡಿದೇ ನುಡಿಸುತ್ತಿತ್ತು. ವಾರದೊಳಗೆ ಮಣಿಕಟ್ಟು ನೋಯತೊಡಗಿತು. ಹಿಡಿತ ಸಾಲದೇನೋ ಎಂದುಕೊಂಡು ಇನ್ನಷ್ಟು ಬಿಗಿ ಮಾಡಿತು. ಇವತ್ತು ಬೆಳಿಗ್ಗೆ ಮರ ಹತ್ತುವಾಗ ಆ ಕೈ ಕೊಂಬೆಯಿಂದ ಜಾರಿತು. ಇನ್ನೊಂದು ಕೈ ಗಟ್ಟಿಯಿದ್ದದ್ದರಿಂದ ಜೀವ ಉಳಿಯಿತು.

ಮಂಗನಿಗೆ ತಲೆಬುಡ ತಿಳಿಯಲಿಲ್ಲ. "ಗಿಟಾರಣ್ಣ, ಎಷ್ಟು ಗಟ್ಟಿ ಹಿಡಿದರೂ ಹಿಡಿತ ಬರಲಿಲ್ಲ. ಈಗ ಮರವೂ ಕೈತಪ್ಪುತ್ತಿದೆ. ಏನು ಮಾಡಲಿ?"

"ಕತ್ತು ಹಿಸುಕಿ ನನ್ನನ್ನೇ ಕೇಳುತ್ತೀಯಲ್ಲ ಮಾರಾಯ!" ಎಂದಿತು ಗಿಟಾರು. "ಮಣಿಕಟ್ಟು ನೆಟ್ಟಗಿಡು. ಹೆಬ್ಬೆರಳು ಸಡಿಲ ಬಿಡು. ಸ್ವರ ಬರುವಷ್ಟು ಮಾತ್ರ ತಂತಿ ಒತ್ತು. ನೋವು ಬಂದರೆ ನಿಲ್ಲಿಸು."

"ಸಡಿಲ ಬಿಟ್ಟರೆ ಬೀಳುತ್ತೇನಲ್ಲ?"

"ಎಲ್ಲಿಂದ?"

ಮಂಗ ಕೆಳಗೆ ನೋಡಿತು. ತಾನು ಕೂತಿದ್ದು ನೆಲದ ಮೇಲೆ. ಹೆಬ್ಬೆರಳನ್ನು ಮೆಲ್ಲಗೆ ಸಡಿಲಿಸಿ ತಂತಿ ಮೀಟಿತು. ಸ್ವರ ಹಿಂದೆಂದಿಗಿಂತ ಸ್ಪಷ್ಟವಾಗಿ ಬಂತು.

"ಹಾಗಾದರೆ ಹಿಡಿತ ಅಂದರೆ ಬಿಡುವುದೋ?"

"ಅದನ್ನು ಆಮೇಲೆ ಯೋಚಿಸು. ಮೊದಲು ಕೈಗೆ ರಜೆ ಕೊಡು."

ಮಂಗ ಗೊಂದಲದಲ್ಲೇ ಗಿಟಾರನ್ನು ಕೆಳಗಿಟ್ಟಿತು. ಕೈ ಮಾತ್ರ ಎಲ್ಲ ಅರ್ಥವಾದಂತೆ ತೊಡೆಯ ಮೇಲೆ ಬಿಚ್ಚಿಕೊಂಡು ಮಲಗಿತು.