ಡಾಂಬರಿನ ಬಳೆ ಮುರಿದವರು

ಮಕ್ಕಳೇ, ನಾನು ಮೊದಲ ಸಲ ಊರು ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ, ಆರನೇ ಕ್ಲಾಸಿನ ಪಾಟಿಚೀಲದಲ್ಲೇ ಬಟ್ಟೆ ತುರುಕಿಕೊಂಡು. ಹೋಗಿ ನಿಂತದ್ದು ಹೆದ್ದಾರಿ ಬದಿಯ ಒಂದು ಹೊಂಡದ ಹತ್ತಿರ, ರಸ್ತೆ ಕೆಲಸದವರ ಬಿಡಾರದಲ್ಲಿ. ಈ ಕತೆ ಆ ಹೊಂಡದ್ದು.

ಅದರ ದಂಡೆಯಲ್ಲಿ ದುಂಡಪ್ಪನೆಂಬ ಏಡಿ, ಸಣ್ಣವ್ವನೆಂಬ ಎರೆಹುಳು ನೆರೆಹೊರೆಯಾಗಿದ್ದರು. ಒಂದು ದಿನ ರಸ್ತೆ ಕೆಲಸದವರ ಪೀಪಾಯಿ ಉರುಳಿ, ಡಾಂಬರಿನ ಎಣ್ಣೆ ದಂಡೆಯ ಮಣ್ಣಿಗೆ ಇಳಿಯಿತು. ಗೇಣು ದೂರದಲ್ಲೇ ಸಣ್ಣವ್ವನ ಮೊಟ್ಟೆಗಳಿದ್ದವು.

"ಅಣ್ಣಾ, ನನ್ನ ಮಕ್ಕಳು ಸಾಯ್ತಾವೆ!"

"ಅಳಬೇಡ ತಂಗಿ, ನಮ್ಮ ಮನೆತನದ ವಿದ್ಯೆ ಇದೆ," ಎಂದ ದುಂಡಪ್ಪ. ಏಡಿಗಳು ಬಿಲದ ಬಾಯಿಗೆ ಕೆಸರು ಮೆತ್ತುತ್ತವಲ್ಲ, ಹಾಗೇ ಕಪ್ಪು ನೆಲಕ್ಕೆಲ್ಲ ಮೆತ್ತತೊಡಗಿದ.

ಮಣ್ಣಿನೊಳಗಿಂದ ಸಣ್ಣ ದನಿಗಳೆದ್ದವು: "ಮುಚ್ಚಬೇಡ ಮಾವಾ! ನಾವು ಬ್ಯಾಕ್ಟೀರಿಯಾಗಳು. ಈ ಎಣ್ಣೆ ನಮಗೆ ಊಟ. ಉಣ್ಣೋಕೆ ಗಾಳಿ ಬೇಕು."

"ಕಣ್ಣಿಗೇ ಕಾಣದವರು ಡಾಂಬರು ತಿಂತೀರಾ? ಮೊದಲು ಹಲ್ಲು ತೋರಿಸಿ!" ದುಂಡಪ್ಪ ನಕ್ಕು ಕೊನೆಯ ಸಂದಿಯನ್ನೂ ಮುಚ್ಚಿದ. ವಾಸನೆ ನಿಂತಿತು. ದನಿಗಳೂ ನಿಂತವು.

ನಾಲ್ಕನೇ ದಿನ ಅವನು ತನ್ನ ಬಿಲದಿಂದಲೇ ಕೆಮ್ಮುತ್ತ ಹೊರಬಿದ್ದ. ಮೈಯೆಲ್ಲ ಕಪ್ಪು. ಮೇಲೆ ಮುಚ್ಚಿದ್ದು ಅಡಿಯಿಂದ ಅವನ ಮನೆಗೇ ಹರಿದು ಬಂದಿತ್ತು!

"ಇನ್ನೆರಡು ಬೆರಳು ದಾಟಿದರೆ ನನ್ನ ಮೊಟ್ಟೆಗಳು. ಒಡೆದು ತೆಗಿ ಅಣ್ಣಾ!" ಎಂದಳು ಸಣ್ಣವ್ವ.

ದುಂಡಪ್ಪ ನಾಚಿಕೊಂಡೇ ಇಕ್ಕಳದಂಥ ಕೈಗಳಿಂದ ಒಣಗಿದ ಕೆಸರು ಒಡೆದ. ಸಣ್ಣವ್ವ, ಮೈ ಉರಿಯುತ್ತಿದ್ದರೂ, ಅಂಚಿನಲ್ಲಿ ತೂತು ಕೊರೆದಳು. ಗಾಳಿ ಇಳಿಯಿತು. ಸೋತು ಮಲಗಿದ್ದ ಬ್ಯಾಕ್ಟೀರಿಯಾಗಳು ಎದ್ದವು.

ಆಮೇಲಿನದನ್ನು ಹೇಗೆ ಹೇಳಲಿ! ಆ ಎಣ್ಣೆಯ ಕಣದೊಳಗೆ ಬಳೆಗಳಿದ್ದವು. ಆರಾರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ನಿಂತ ಬಳೆಗಳು, ದುಂಡಪ್ಪನ ಇಕ್ಕಳಕ್ಕೂ ಜಗ್ಗದವು. ಬ್ಯಾಕ್ಟೀರಿಯಾಗಳು ಗಾಳಿಯ ಆಮ್ಲಜನಕ ಹಿಡಿದು ಬಳೆಗೆ ಸಿಕ್ಕಿಸಿದವು. ಬಳೆ ಸಡಿಲಾಯಿತು, ಬಿಚ್ಚಿಕೊಂಡಿತು. ಆ ಇಂಗಾಲವನ್ನೇ ಉಂಡು ಒಂದು ಎರಡಾಯಿತು, ಎರಡು ನಾಲ್ಕಾಯಿತು. ನಿನ್ನೆಯ ವಿಷ ಇವತ್ತು ಅವುಗಳ ಮೈ!

"ಊಟ ಹೇಗಿದೆ?" ದುಂಡಪ್ಪ ಮೆಲ್ಲಗೆ ಕೇಳಿದ.

"ಸ್ವಲ್ಪ ಘಾಟು, ಮಾವಾ. ಇನ್ನೊಂಚೂರು ಗಾಳಿ ಬಡಿಸು!"

ಮಳೆಗಾಲ ಮುಗಿಯುವಾಗ ಅಲ್ಲಿ ಗರಿಕೆ ಎದ್ದಿತ್ತು. ಬೇರುಗಳ ನಡುವೆ ದಾರದೆಳೆಯಂಥ ಮರಿಗಳು ಹೊರಳುತ್ತಿದ್ದವು. ನಾನೊಂದು ಹಿಡಿ ಮಣ್ಣೆತ್ತಿ ಮೂಸಿದೆ. ಬರೀ ಮಣ್ಣಿನ ವಾಸನೆ. ಅಂಗೈಯಲ್ಲಿ ಎಷ್ಟು ಕೋಟಿ ಜನ ಊಟಕ್ಕೆ ಕೂತಿದ್ದರೋ! ಚೆಲ್ಲದಂತೆ ಅದರ ಜಾಗದಲ್ಲೇ ಇಟ್ಟು, ಊರಿಗೆ ಮರಳಲು ಪಾಟಿಚೀಲಕ್ಕೆ ಬಟ್ಟೆ ತುಂಬತೊಡಗಿದೆ.

ನೀತಿ: ಹೊಲಸು ಮುಚ್ಚಿದರೆ ಹೋಗುವುದಿಲ್ಲ, ಅದನ್ನು ಕರಗಿಸಬಲ್ಲವರು ಎಷ್ಟೇ ಸಣ್ಣವರಾದರೂ ಅವರಿಗೆ ಉಸಿರಾಡಲು ಜಾಗ ಬಿಡಬೇಕು.