ಹೇಳದೆ ಉಳಿದ ಪ್ರಾರ್ಥನೆ

“ಅಯ್ಯನವರೇ, ಕ್ರಿಸ್ತನ ತಾಯಿ ಮರಿಯಮ್ಮನಿಗೆ ಮೊರೆಯಿಡುವವರ ಪಕ್ಕದಲ್ಲಿ ಕೂತು ಪ್ರಾರ್ಥಿಸಿದರೆ ನಮಗೂ ಪಾಪ ಅಂಟುತ್ತದೆಯೇ?” ಎಂದು ಶಿಷ್ಯ ಎಬೆನೇಜರ ಕೇಳಿದ. ಅವನ ದನಿಯಲ್ಲಿ ವಾದವಿರಲಿಲ್ಲ, ಭಯವಿತ್ತು. ಬೋಧಕರಾದ ಯೋನಾಥಾನಯ್ಯನವರು ಈ ಕತೆ ಹೇಳಿದರು.

ಒಬ್ಬ ಸೂಲಗಿತ್ತಿಯಿದ್ದಳು. ನಮ್ಮಂಥದೇ ಪ್ರೊಟೆಸ್ಟೆಂಟ್ ಸಭೆಯವಳು. ಕ್ರಿಸ್ತನಿಗೆ ಸಲ್ಲಬೇಕಾದ ಮೊರೆಯನ್ನು ಅವನ ತಾಯಿಗೆ ಸಲ್ಲಿಸಿದರೆ ಆತ್ಮ ನಾಶವಾಗುತ್ತದೆ ಎಂದು ಚಿಕ್ಕಂದಿನಲ್ಲೇ ಕಲಿತಿದ್ದಳು. ಒಂದು ಮಧ್ಯಾಹ್ನ ಕಥೋಲಿಕರ ಮನೆಯೊಂದರಿಂದ ಅವಳಿಗೆ ಕರೆ ಬಂತು. ಚೊಚ್ಚಲ ಹೆರಿಗೆ. ಮಗು ಅಡ್ಡಲಾಗಿತ್ತು.

ಬಸುರಿ ಅವಳ ಮಣಿಕಟ್ಟು ಹಿಡಿದಳು. “ಅಕ್ಕಾ, ನನಗೆ ಉಸಿರು ಸಾಲುತ್ತಿಲ್ಲ. ‘ನಮೋ ಮರಿಯಾ’ ನೀವು ಹೇಳಿ. ನಿಮ್ಮ ಹಿಂದೆಯೇ ಹೇಳುತ್ತೇನೆ.”

ಆ ಪ್ರಾರ್ಥನೆ ಸೂಲಗಿತ್ತಿಗೆ ಬರುತ್ತಿತ್ತು. ಎಷ್ಟೋ ಬಾಣಂತಿಕೋಣೆಗಳಲ್ಲಿ ಕೇಳಿದ್ದಳು. ಹೇಳಿದರೆ ದೇವರ ಕೋಪ. ಹೇಳದಿದ್ದರೆ ಈ ಹುಡುಗಿ ಧೈರ್ಯಗೆಟ್ಟು ಕಣ್ಣೆದುರೇ ಸಾಯಬಹುದು. ಅವಳು ತುಟಿ ಬಿಗಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವನ್ನು ಇಷ್ಟಿಷ್ಟೇ ತಿರುಗಿಸತೊಡಗಿದಳು. ಕೈ ನಡುಗುತ್ತಿತ್ತು. ಬಸುರಿ ಮತ್ತೆ ಕೇಳಲಿಲ್ಲ. ಕಣ್ಣು ಮುಚ್ಚಿ ತಾನೇ ಏನೋ ತೊದಲಿದಳು.

ಹೊತ್ತು ಇಳಿಯುವಾಗ ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು. ಸೂಲಗಿತ್ತಿಯ ಭಯ ಮಾತ್ರ ಇಳಿಯಲಿಲ್ಲ. ಆ ಭಾನುವಾರ ಆರಾಧನೆಯಲ್ಲಿ ಪ್ರಭುಭೋಜನದ ರೊಟ್ಟಿ ಪಡೆಯಲೆಂದು ಎದ್ದವಳು ಮತ್ತೆ ಕೂತುಬಿಟ್ಟಳು. ಬಾಯಿ ಬಿಡದೆ ತಾನು ಕಾಪಾಡಿಕೊಂಡದ್ದು ನಂಬಿಕೆಯನ್ನೋ, ಬರೀ ತನ್ನನ್ನೋ, ಅವಳಿಗೆ ತಿಳಿಯಲಿಲ್ಲ.

ಎಂಟನೆಯ ದಿನ ಬಾಣಂತಿಯ ಬಳಿಗೆ ಹೋದಳು. “ನೀನು ಕೇಳಿದಾಗ ನಾನು ಬಾಯಿ ಬಿಡಲಿಲ್ಲ ತಂಗಿ. ನನಗೆ ಹೆದರಿಕೆಯಾಯಿತು” ಎಂದಳು.

“ಗೊತ್ತಾಯಿತು ಅಕ್ಕಾ. ನೀವು ನಡುಗುತ್ತಿದ್ದಿರಿ. ಅದಕ್ಕೇ ನನಗಾಗಿ ಬೇಡುವುದನ್ನು ಬಿಟ್ಟು ನಿಮಗಾಗಿ ಬೇಡಿಕೊಂಡೆ.”

ಅಯ್ಯನವರು ಅಲ್ಲಿಗೆ ನಿಲ್ಲಿಸಿದರು. ಎಬೆನೇಜರನಿಗೆ ಸಮಾಧಾನವಾಗಲಿಲ್ಲ. “ಆದರೆ ಆಕೆ ಬೇಡಿಕೊಂಡದ್ದು ಮರಿಯಮ್ಮನನ್ನಲ್ಲವೇ, ಅಯ್ಯನವರೇ?” ಎಂದ.

“ಹೌದು. ಆದರೆ ಅಂಥ ಹೊತ್ತಿನಲ್ಲೂ ಬೇಡಿದ್ದು ಇನ್ನೊಬ್ಬಳಿಗಾಗಿ. ನಿನ್ನ ಈ ಭಯವೆಲ್ಲ ಯಾರಿಗಾಗಿ, ಎಬೆನೇಜರ?”