ಗಾಣದ ಚಿಕ್ಕೀರಯ್ಯನ ಹಸಿ ಬಿರಡೆ

ಯಾವ ಕಾಲ ಅಂತ ಮಾತ್ರ ಕೇಳಬೇಡಿ. ನಮ್ಮಜ್ಜಿಗೆ ಅವಳಜ್ಜಿ ಹೇಳಿದ್ದು, ಆ ಅಜ್ಜಿಗೂ ಅದು ಹಳೇ ಮಾತೇ ಆಗಿತ್ತಂತೆ. ಬಲು ಹಿಂದೆ ಎಳ್ಳುಕೊಪ್ಪಲು ಅಂತ ಒಂದೂರು, ನಮ್ಮೂರೇ. ಆ ಊರಲ್ಲಿ ಎಣ್ಣೆ ಗಾಣ ಆಡಿಸೋನು ಒಬ್ಬನಿದ್ದ. ಹೆಸರು ಚಿಕ್ಕೀರಯ್ಯ. ನಮ್ಮೂರಲ್ಲಿ ಈಗಲೂ ಗಾಣದ ಚಿಕ್ಕೀರಯ್ಯ ಅಂದರೆ ಸಾಕು, ಯಾವ ಚಿಕ್ಕೀರಯ್ಯ ಅಂತ ಯಾರೂ ಕೇಳೋದಿಲ್ಲ.

ಗಾಣದವನ ಕೆಲಸ ನೋಡಿದೀರಾ ನೀವು? ಎಲ್ಲಿ ನೋಡಿರ್ತೀರಿ. ಎತ್ತು ಸುತ್ತುತ್ತೆ, ಎಣ್ಣೆ ಇಳಿಯುತ್ತೆ. ಆಗಾಗ ಕಾಳು ಒಳಕ್ಕೆ ತಳ್ಳಬೇಕು, ಎತ್ತು ನಿಂತರೆ ಒಂದು ಸಲ ಗದರಬೇಕು. ಉಳಿದ ಹೊತ್ತು ಕೈ ಖಾಲಿ. ಖಾಲಿ ಕೈ ಎಲೆ ಅಡಿಕೆಗೆ ಹೋಗುತ್ತೆ, ಇಲ್ಲ ಜಗಳಕ್ಕೆ ಹೋಗುತ್ತೆ. ಚಿಕ್ಕೀರಯ್ಯನ ಕೈ ಮರಕ್ಕೆ ಹೋಯಿತು. ಗಾಣದ ಪಕ್ಕದಲ್ಲೇ ಎರಡು ಗೂಟ ಹೊಡೆದು ಮರ ಕಡೆಯೋ ಒಂದು ಚರಕಿ ಕಟ್ಟಿಕೊಂಡ. ಎಡಗೈಯಲ್ಲಿ ಬಿಲ್ಲು ಎಳೆದರೆ ಮರದ ತುಂಡು ಗಿರ್ರಂತ ತಿರುಗೋದು, ಬಲಗೈಯ ಉಳಿ ಅದನ್ನ ಕಡೆಯೋದು. ಆ ಚರಕೀನೂ ಎತ್ತೇ ತಿರುಗಿಸ್ತಿತ್ತು ಅಂತ ಕೆಲವರು ಹೇಳ್ತಾರೆ. ಸುಳ್ಳು. ಎತ್ತಿಗೆ ಅದರದ್ದೇ ಕೆಲಸ ಸಾಕಾಗಿತ್ತು.

ಅವನು ಕಡೀತಿದ್ದದ್ದು ಎರಡೇ ಸಾಮಾನು. ಒಂದು ಸೀಸೆಯ ಬಾಯಿಗೆ ಹಾಕೋ ಬಿರಡೆ, ಇನ್ನೊಂದು ಬರೆಯೋ ಲೆಕ್ಕಣಿಕೆ. ಅಲ್ಲೀತನಕ ಊರವರು ಎಣ್ಣೆ ಸೀಸೆಗೆ ಹಳೇ ಬಟ್ಟೆ ತುರುಕ್ತಿದ್ರು, ಇಲ್ಲ ಜೋಳದ ಬೆಂಡು ತುರುಕ್ತಿದ್ರು. ಮನೆಗೆ ಹೋಗೋ ಹೊತ್ತಿಗೆ ಅರ್ಧ ಎಣ್ಣೆ ಸೀರೆಯ ಸೆರಗಲ್ಲಿರೋದು. ಅದನ್ನ ನೋಡಲಾರದೆ ಬಿರಡೆ ಕಡೆಯೋಕ್ಕೆ ಶುರು ಮಾಡಿದ. ಬಿರಡೆಗೆ ಸಾಲದ ಸಣ್ಣ ಉದ್ದನೆ ತುಂಡು ಉಳಿದರೆ ಅದನ್ನ ಲೆಕ್ಕಣಿಕೆ ಮಾಡಿ, ತುದಿಗೆ ಜೊಂಡಿನ ಹಾಗಿರೋ ಲಾಳದ ಕಡ್ಡಿ ಚೂಪು ಮಾಡಿ ಸಿಕ್ಕಿಸಿ, ಬರೆಯೋಕ್ಕೆ ಬರೋರಿಗೆ ಕೊಡ್ತಿದ್ದ. ಯಾರ ಹತ್ತಿರಾನೂ ಏನೂ ತಗೋತಿರಲಿಲ್ಲ. ಚೆನ್ನಾಗಿದೆ ಅಂದರೆ ಸಾಕು, ಅವತ್ತು ಎರಡು ಮುದ್ದೆ ಜಾಸ್ತಿ ಉಣ್ತಿದ್ದನಂತೆ.

ಅವನ ಬಿರಡೆ ಹಾಕಿದ ಸೀಸೆ ತಲೆಕೆಳಗಾಗಿ ನೇತು ಹಾಕಿದ್ರೂ ಒಂದು ತೊಟ್ಟು ಸೋರ್ತಿರಲಿಲ್ಲ ಅಂತಾರೆ. ಯಾವುದೋ ದೆವ್ವಾನ ಸೀಸೆಯೊಳಗೆ ಕೂರಿಸಿ ಅವನ ಬಿರಡೆ ಜಡಿದರು, ಅದು ಇವತ್ತಿಗೂ ಈಚೆ ಬಂದಿಲ್ಲ ಅಂತಾರೆ. ಅವನ ಲೆಕ್ಕಣಿಕೆಯಲ್ಲಿ ಸುಳ್ಳು ಬರೆಯೋಕ್ಕೆ ಹೋದರೆ ಮಸಿ ಇಳೀತಿರಲಿಲ್ಲ ಅಂತಾನೂ ಅಂತಾರೆ. ಚಿಕ್ಕೀರಯ್ಯನಿಗೆ ಒಂದಕ್ಷರ ಬರೆಯೋಕ್ಕೆ ಬರ್ತಿರಲಿಲ್ಲ. ಆದರೂ ಈ ಮಾತು ಕಿವಿಗೆ ಬಿದ್ದಾಗ ಅಲ್ಲ ಅನ್ನಲಿಲ್ಲ. ತಲೆ ಬಗ್ಗಿಸಿ ನಕ್ಕ. ಹೊಗಳಿಕೆ ಯಾರಿಗೆ ಬೇಡ, ನನಗೆ ಬೇಡವಾ, ನಿಮಗೆ ಬೇಡವಾ?

ಮರದ ವಿಷಯದಲ್ಲಿ ಅವನದ್ದೊಂದು ಕಟ್ಟಳೆ ಇತ್ತು. ಕಡಿದ ಮರ ಗಾಣದ ಮನೆ ಅಟ್ಟದ ಮೇಲೆ ಒಂದು ಮಳೆಗಾಲ ಕಾಣಬೇಕು, ಒಂದು ಬೇಸಿಗೆ ಕಾಣಬೇಕು, ಆಮೇಲೆ ಉಳಿ ಕಾಣಬೇಕು. ಹಸಿ ಮರ ಕಡೆದರೆ ಅವತ್ತಿಗೆ ಗುಂಡಗಿರುತ್ತೆ. ಒಣಗ್ತಾ ಒಣಗ್ತಾ ಒಂದು ಕಡೆ ಕುಗ್ಗಿ ಕೋಳಿಮೊಟ್ಟೆ ಆಕಾರಕ್ಕೆ ಬರುತ್ತೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತು ಅನ್ನೋದೇ ಈ ಕಥೆ.

ಅದೇ ಊರಲ್ಲಿ ದ್ಯಾವೀರಮ್ಮ ಅಂತ ಮದ್ದು ಕೊಡೋ ಮುದುಕಿ ಒಬ್ಬಳಿದ್ದಳು. ಅವಳ ಕೈಗುಣ ಅಂದರೆ ಸುತ್ತ ಏಳೂರಿಗೆ ಹೆಸರು. ಎಳೆ ಮಕ್ಕಳಿಗೆ ಜ್ವರ ನೆತ್ತಿಗೇರಿ ಕೈಕಾಲು ಸೆಟೆದುಕೊಂಡರೆ ತಾಯಂದಿರು ಅವಳ ಮನೆಗೆ ಓಡೋರು. ಗುಡ್ಡದ ಮೇಲೆ ವರ್ಷಕ್ಕೊಂದೇ ಸಲ ಬಿಡೋ ಒಂದು ಹೂವಿನಿಂದ ಅವಳು ಒಂದು ಸೀಸೆ ಮದ್ದು ಇಳಿಸ್ತಿದ್ದಳು, ಅದೊಂದೇ ಸೀಸೆ ವರ್ಷಪೂರ್ತಿ. ಗಾಳಿ ತಾಕಿದರೆ ಅದರ ಸತ್ವ ಹಾರಿಹೋಗೋದು. ಅದಕ್ಕೇ ಸೀಸೆಯ ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಜೇನುಮೇಣ ಮೆತ್ತಿ ಇಡ್ತಿದ್ದಳು.

ಇದನ್ನ ಕಂಡರೆ ಚಿಕ್ಕೀರಯ್ಯನಿಗೆ ಸಹಿಸೋಕ್ಕೆ ಆಗ್ತಿರಲಿಲ್ಲ. ಊರಿನ ಎಲ್ಲ ಸೀಸೆಗೂ ತನ್ನ ಬಿರಡೆ ಇದೆ, ಊರಿಗೆಲ್ಲ ಬೆಲೆಯುಳ್ಳ ಸೀಸೆಗೆ ಮಾತ್ರ ಮೇಣ. ಅವಳು ಎಣ್ಣೆಗೆ ಬಂದಾಗಲೆಲ್ಲ ಒಂದೇ ಮಾತು: ನಾನಿರುವಾಗ ಮೇಣ ಯಾಕವ್ವ, ಒಂದು ಬಿರಡೆ ಮಾಡಿಕೊಡ್ತೀನಿ, ನೋಡು. ಅವಳು ಬೇಡ ಅಂದಳು. ಮತ್ತೆ ಕೇಳಿದ. ಮತ್ತೆ ಬೇಡ ಅಂದಳು. ಮೂರು ವರ್ಷ ಕೇಳಿದ್ದಕ್ಕೆ ನಾಲ್ಕನೇ ವರ್ಷ ಸಾಕಾಗಿ, ಆಗಲಿ ಮಾರಾಯ, ಮಾಡು ಅಂದಳು. ಹೂವು ಬಿಡೋಕ್ಕೆ ಇನ್ನು ಎಂಟು ದಿನ ಇತ್ತು.

ಆ ವಾರವೇ ಗಾಳಿಗೆ ಕೆರೆ ಏರಿ ಮೇಲಿದ್ದ ಹಳೇ ಹುಣಸೇಮರ ಉರುಳಿ ಬಿತ್ತು. ಸೀಳಿದರೆ ಒಳಗಿನ ಚೇಗು ಕಪ್ಪಗೆ, ಅದರಲ್ಲಿ ಕೆಂಪು ಗೆರೆ. ಅಂಥ ಮರ ಅವನು ಹುಟ್ಟಿದಾಗಿಂದ ಕಂಡಿರಲಿಲ್ಲ. ಅಟ್ಟದ ಮೇಲೆ ಒಣಗಿದ ಮರ ಬೇಕಾದಷ್ಟಿತ್ತು, ಗೊಂಬೆ ಮಾಡೋ ಆಲೆ ಮರ ಇತ್ತು, ತೇಗ ಇತ್ತು. ಆದರೆ ದ್ಯಾವೀರಮ್ಮನ ಸೀಸೆಗೆ ಎಲ್ಲರ ಹಾಗೆ ಬಿಳೀ ಆಲೆಯ ಬಿರಡೆ ಕೊಡೋದಾ? ಮನಸ್ಸು ಒಪ್ಪಲಿಲ್ಲ. ಹಸಿ ಅಂತ ಗೊತ್ತಿತ್ತು. ಗಾಣದವನ ಬುದ್ಧಿ ನೋಡಿ, ಎಲ್ಲದಕ್ಕೂ ಎಣ್ಣೆಯೇ ಮದ್ದು. ಎಣ್ಣೆ ಕುಡಿಸಿದರೆ ಮರ ಕುಗ್ಗೋದಿಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಕಡೆದು, ಬಿಸಿ ಹುಚ್ಚೆಳ್ಳೆಣ್ಣೆಯಲ್ಲಿ ಏಳು ದಿನ ಮುಳುಗಿಸಿಟ್ಟು, ತಾಳೆಗರಿ ಹಾಕಿ ಉಜ್ಜಿದ. ಹೊಳಪು ಬಂತು, ತೂಕ ಬಂತು. ದ್ಯಾವೀರಮ್ಮ ಹೊಸ ಮದ್ದು ತುಂಬಿ ಆ ಬಿರಡೆ ಹಾಕಿ ಅಲ್ಲಾಡಿಸಿ ನೋಡಿದಳು, ಕದಲಲಿಲ್ಲ. ಊರವರೆಲ್ಲ ಬಂದು ನೋಡಿಕೊಂಡು ಹೋದರು. ಚಿಕ್ಕೀರಯ್ಯ ಎರಡು ಮುದ್ದೆ ಜಾಸ್ತಿ ಉಂಡ.

ಬೇಸಿಗೆ ಬಂತು. ನಿಂಗಾಜಮ್ಮ ಅನ್ನೋಳು ತನ್ನ ಚೊಚ್ಚಲ ಕೂಸನ್ನ ಎತ್ತಿಕೊಂಡು ದ್ಯಾವೀರಮ್ಮನ ಮನೆಗೆ ಓಡಿಬಂದಳು. ಕೂಸು ಸೆಟೆದುಕೊಂಡಿತ್ತು. ಮುದುಕಿ ಬಿರಡೆ ಎಳೆದಳು, ಬಿಗಿಯಾಗೇ ಇತ್ತು, ಹಲ್ಲು ಕಚ್ಚಿ ಎಳೀಬೇಕಾಯ್ತು. ಆದರೆ ಸೀಸೆಯಿಂದ ವಾಸನೆ ಬರಲಿಲ್ಲ. ಮನೆ ತುಂಬ ಘಾಟು ಹರಡಬೇಕಾದ ಮದ್ದು ಕೆರೆ ನೀರಿನ ಹಾಗಿತ್ತು. ಆದರೂ ನಾಲಿಗೆಗೆ ತೊಟ್ಟು ತೊಟ್ಟು ಬಿಟ್ಟಳು. ಕೂಸು ಉಳೀಲಿಲ್ಲ.

ನಿಂಗಾಜಮ್ಮ ಬೀದಿಯಲ್ಲಿ ನಿಂತು ಎದೆ ಬಡಿದುಕೊಂಡು, ಇವಳ ಕೈಗುಣ ಹೋಗಿದೆ, ಇವಳ ಕೈ ಹೊಲಸಾಗಿದೆ ಅಂತ ಕೂಗಿದಳು. ಹೆತ್ತ ಹೊಟ್ಟೆ, ಕೂಗದೆ ಏನು ಮಾಡುತ್ತೆ. ಊರು ಅದನ್ನೇ ಹಿಡಿದುಕೊಂಡಿತು. ದ್ಯಾವೀರಮ್ಮನೂ ನಂಬಿದಳು. ಮದ್ದು ಇಳಿಸೋ ಹೊತ್ತಲ್ಲಿ ತಾನೇ ಏನೋ ತಪ್ಪಿದೆ, ಕೈಯೇ ಕೆಟ್ಟಿದೆ ಅಂದುಕೊಂಡಳು. ಹದಿನೈದು ದಿನದ ಮೇಲೆ ಗಾಣದ ಮನೆಗೆ ಬಂದು ಆ ಬಿರಡೆಯನ್ನ ಚಿಕ್ಕೀರಯ್ಯನ ಮುಂದಿಟ್ಟಳು.

“ಬಂಗಾರದಂಥ ಬಿರಡೆ ಕಣಪ್ಪ ಇದು. ನನ್ನ ಕೈ ಸರಿ ಇಲ್ಲ. ಬೇರೆ ಯಾರ ಸೀಸೆಗಾದರೂ ಆಗಲಿ” ಅಂದಳು.

ಅವಳು ಅತ್ತ ಹೋದ ಮೇಲೆ ಚಿಕ್ಕೀರಯ್ಯ ಅದನ್ನ ಹಲಗೆಯ ಮೇಲೆ ಉರುಳಿಸಿದ. ಗುಂಡಗಿನದ್ದು ಸಲೀಸಾಗಿ ಉರುಳುತ್ತೆ. ಇದು ಏಳ್ತಾ ಬೀಳ್ತಾ ಕುಂಟಿಕೊಂಡು ಹೋಯಿತು. ಎರಡು ಕಡೆ ಬಿಗಿ, ಎರಡು ಕಡೆ ಕೂದಲೆಳೆಯಷ್ಟು ಸಂದಿ. ಆ ಸಂದಿಯಲ್ಲೇ ಮದ್ದಿನ ಸತ್ವ ಹೋಗಿತ್ತು. ಎತ್ತು ಸುತ್ತುತ್ತಲೇ ಇತ್ತು, ಕಾಳು ತಳ್ಳೋದನ್ನೇ ಅವನು ಮರೆತ.

ಹೇಳಬೇಕಿತ್ತು. ಅವತ್ತೇ ಅವಳ ಹಿಂದೆ ಓಡಿಹೋಗಿ ಹೇಳಬೇಕಿತ್ತು. ನಾಳೆ ಹೇಳೋಣ ಅಂದುಕೊಂಡ. ನಾಳೆ ಬಂತು, ಯಾರೋ ಬಂದು ಬಿರಡೆ ಕೇಳಿದರು, ಹೊಗಳಿದರು, ಹೇಳಲಿಲ್ಲ. ಒಂದು ದಿನ ಮುಚ್ಚಿಟ್ಟ ಮಾತನ್ನ ಎರಡನೇ ದಿನ ಹೇಳೋದು ಕಷ್ಟ, ತಿಂಗಳಾದ ಮೇಲೆ ಹೇಳೋಕ್ಕೆ ಬಾಯೇ ಬರೋದಿಲ್ಲ. ಯಾರಾದರೂ ಮರ ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳೋನು. ಉಂಡದ್ದು ಮೈಗೆ ಹತ್ತಲಿಲ್ಲ. ನಾಚಿಕೆ ಅನ್ನೋದು ಎಲ್ಲರೆದುರು ಆಗೋದು ಅಂದುಕೊಂಡಿದೀವಿ. ಒಬ್ಬನೇ ಇದ್ದಾಗ ಆಗೋ ನಾಚಿಕೆ ಇನ್ನೂ ಕೆಟ್ಟದ್ದು ಕಣ್ರಪ್ಪ, ತಪ್ಪಿಸಿಕೊಂಡು ಹೋಗೋಕ್ಕೆ ಜಾಗವೇ ಇರೋದಿಲ್ಲ.

ಇತ್ತ ದ್ಯಾವೀರಮ್ಮನ ಬಾಗಿಲಿಗೆ ಜನ ಬರೋದು ನಿಂತಿತು. ಹೊಟ್ಟೆಪಾಡಿಗೆ ಅವರಿವರ ಹೊಲದಲ್ಲಿ ಕಳೆ ಕೀಳೋಕ್ಕೆ ಹೋದಳು. ಹೂವು ಬಿಟ್ಟಾಗ ಮಾತ್ರ, ಹಳೇ ಅಭ್ಯಾಸ, ಒಂದು ಸೀಸೆ ಇಳಿಸಿ ಮೇಣ ಮೆತ್ತಿ ಗೂಡಲ್ಲಿಟ್ಟು ಮುಟ್ಟದೆ ಬಿಡೋಳು. ಗಾಣದ ಮುಂದೆ ಕಳೆಕುಡುಗೋಲು ಹಿಡಿದು ಹಾದುಹೋದರೆ ಚಿಕ್ಕೀರಯ್ಯ ಎತ್ತಿನ ಆಚೆ ಬದಿಗೆ ಸರಿದು ನಿಲ್ಲೋನು. ಹೀಗೇ ಮೂರು ವರ್ಷ ಹೋಯಿತು ಅಂತಾರೆ. ಏಳು ವರ್ಷ ಅಂತಾನೂ ಅಂತಾರೆ. ಮೂರೇ ಇಟ್ಟುಕೊಳ್ಳಿ, ಅದೇ ಹೆಚ್ಚಾಯಿತು.

ಆಮೇಲೆ ಒಂದು ದಿನ ಬೆಳಗ್ಗೆ ಎಣ್ಣೆಗೆ ಬಂದ ಹೆಂಗಸರು ಸುದ್ದಿ ತಂದರು. ನಿಂಗಾಜಮ್ಮನ ಎರಡನೇ ಕೂಸಿಗೂ ಅದೇ ಸೆಳವು. ಬೇರೆ ಗತಿಯಿಲ್ಲದೆ ದ್ಯಾವೀರಮ್ಮನ ಜಗಲಿ ಮೇಲೆ ಬಂದು ಕೂತಿದಾಳೆ. ಮುದುಕಿ ಬಾಗಿಲು ಹಾಕಿಕೊಂಡಿದಾಳೆ, ನನ್ನ ಕೈಯಿಂದ ಇನ್ನೊಂದು ಕೂಸು ಹೋಗೋದು ಬೇಡ ಅಂತಿದಾಳೆ.

ಚಿಕ್ಕೀರಯ್ಯ ಎದ್ದ. ಅಟ್ಟದ ಮೂಲೆಯಲ್ಲಿ ಬಚ್ಚಿಟ್ಟಿದ್ದ ಬಿರಡೆಯನ್ನ ಮಡಿಲಿಗೆ ಹಾಕಿಕೊಂಡ. ಆವಾಗಲೂ ಅವನ ಬುದ್ಧಿ ಎಲ್ಲಿಗೆ ಹೋಯಿತು ಗೊತ್ತಾ? ಹಿತ್ತಲ ಬಾಗಿಲಿಗೆ. ಜನರ ಕಣ್ಣಿಗೆ ಬೀಳದ ಹಾಗೆ ಮುದುಕಿಯ ಕಿವಿಯಲ್ಲಿ ಹೇಳಿ ಬಂದುಬಿಡೋಣ ಅಂತ ತಿಪ್ಪೆ ಬಳಸಿಕೊಂಡು ಹೋದ. ಹಿತ್ತಲ ಬಾಗಿಲಿಗೂ ಅಗುಳಿ. ಕೈಯೆತ್ತಿ ತಟ್ಟಬೇಕು, ಅಷ್ಟರಲ್ಲಿ ಮುಂದಿನ ಜಗಲಿಯಿಂದ ನಿಂಗಾಜಮ್ಮನ ದನಿ ಕೇಳಿಸಿತು.

“ಅವ್ವ, ನಿನ್ನ ಕೈಗುಣ ಹೋಗಿದೆ ಅಂತ ಬೀದೀಲಿ ಕೂಗಿದ್ದು ನಾನೇ. ನನ್ನ ನಾಲಿಗೆಗೆ ಬರೆ ಹಾಕು. ನಿನ್ನ ಕಾಲು ಹಿಡೀತೀನಿ, ತಪ್ಪು ನಂದೇ.”

ತಪ್ಪು ನಂದೇ ಅಂತ ಅವಳು ಅಂತಿದ್ದಳು. ಕೂಸು ಕಳೆದುಕೊಂಡವಳು ಅವಳು, ಕ್ಷಮೆ ಕೇಳ್ತಿದ್ದವಳೂ ಅವಳು. ತಪ್ಪು ಮಾಡಿದವನು ತಿಪ್ಪೆ ಪಕ್ಕ ನಿಂತಿದ್ದ. ನೆಲ ಬಾಯಿ ಬಿಟ್ಟಿದ್ದರೆ ಒಳಕ್ಕೆ ಹೋಗ್ತಿದ್ದನಂತೆ. ಬಿಡಲಿಲ್ಲ. ಕಾಲು ಎಳೆದುಕೊಂಡು ಮನೆ ಸುತ್ತಿ ಮುಂದಕ್ಕೆ ಬಂದ. ಅರ್ಧ ಊರು ಅಲ್ಲಿತ್ತು. ಬಿರಡೆ ತೆಗೆದು ಎಲ್ಲರ ಕಣ್ಣೆದುರು ಜಗಲಿಯ ಕಲ್ಲಿನ ಮೇಲೆ ಉರುಳಿಸಿದ. ಅದು ಏಳ್ತಾ ಬೀಳ್ತಾ ಹೋಗಿ ನಿಂಗಾಜಮ್ಮನ ಕಾಲ ಹತ್ತಿರ ನಿಂತಿತು.

“ದ್ಯಾವೀರವ್ವ, ಬಾಗಿಲು ತೆಗಿ. ನಿನ್ನ ಕೈ ಕೆಟ್ಟಿಲ್ಲ. ಮರ ಹಸಿಯಾಗಿತ್ತು. ಮದ್ದು ಹೋಗಿದ್ದು ನನ್ನ ಬಿರಡೆಯ ಸಂದೀಲಿ” ಅಂದ.

ಬಾಗಿಲು ತೆರೀತು. ಮುದುಕಿ ಬಿರಡೆಯನ್ನ ಎತ್ತಿಕೊಂಡು, ತಾನೂ ಒಂದು ಸಲ ಉರುಳಿಸಿ ನೋಡಿದಳು. ಇದು ನಿನಗೆ ಯಾವಾಗ ಗೊತ್ತಾಯ್ತು ಅಂತ ಕೇಳಿದಳು. ನೀನು ತಂದುಕೊಟ್ಟ ದಿನವೇ ಅಂದ. ಮುದುಕಿ ಮತ್ತೆ ಅವನ ಕಡೆ ನೋಡಲಿಲ್ಲ. ಕೂಸನ್ನ ಒಳಕ್ಕೆ ತಗೊಂಡು ಹೋಗಿ ಗೂಡಿನ ಸೀಸೆಯ ಮೇಣ ಒಡೆದಳು. ಘಾಟು ಜಗಲಿಯವರೆಗೂ ಬಂತು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಮುಷ್ಟಿ ಸಡಿಲಾಯಿತು, ಅಳು ಕೇಳಿಸಿತು.

ಚಿಕ್ಕೀರಯ್ಯ ಅಲ್ಲೀವರೆಗೂ ಬಿಸಿಲಲ್ಲೇ ನಿಂತಿದ್ದ. ನಿಂಗಾಜಮ್ಮ ಈಚೆ ಬಂದಾಗ ಹೊಡೀತಾಳೆ ಅಂದುಕೊಂಡ. ಹೊಡೆಯಲಿ ಅಂತಾನೂ ಅಂದುಕೊಂಡ. ಅವಳು ಕೇಳಿದ್ದು ಒಂದೇ.

“ಹಸಿ ಅಂತ ಗೊತ್ತಿದ್ದೂ ಕೊಟ್ಟೆಯಾ?”

“ಗೊತ್ತಿತ್ತು ಕಣವ್ವ.”

ಅವಳು ಕೂಸನ್ನ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳು. ಊರಿನವರೂ ಹೋದರು. ಮಾರನೆಯ ದಿನ ಬಿರಡೆಗಳನ್ನೆಲ್ಲ ತಂದು ಮುಖದ ಮೇಲೆ ಎಸೀತಾರೆ ಅಂತ ಕಾದ. ಯಾರೂ ಎಸೀಲಿಲ್ಲ. ಎಂದಿನ ಹಾಗೆ ಎಳ್ಳು ತಂದರು, ಎಣ್ಣೆ ತಗೊಂಡು ಹೋದರು. ಬೈದಿದ್ದರೆ ಎಷ್ಟೋ ಹಗುರಾಗ್ತಿತ್ತು ಪಾಪ. ದ್ಯಾವೀರಮ್ಮನ ಬಾಗಿಲಿಗೆ ಜನ ಮತ್ತೆ ಬಂದರು. ಅವಳು ಸಾಯೋವರೆಗೂ ಬಟ್ಟೆ ಮೇಣವನ್ನೇ ನೆಚ್ಚಿಕೊಂಡಿದ್ದಳು, ಅವನೂ ಮತ್ತೆ ಕೇಳೋ ಧೈರ್ಯ ಮಾಡಲಿಲ್ಲ.

ಚರಕಿ ಬಿಟ್ಟನಾ ಅಂತ ಕೇಳ್ತೀರಿ. ಬಿಡಲಿಲ್ಲ. ಆದರೆ ಅವತ್ತಿನಿಂದ ಯಾರಿಗೆ ಏನು ಕೊಟ್ಟರೂ ಮೊದಲು ಅದರ ದೋಷ ಹೇಳ್ತಿದ್ದ. ಈ ಬಿರಡೆಯ ಬುಡದಲ್ಲಿ ಗಂಟಿದೆ. ಈ ಲೆಕ್ಕಣಿಕೆ ಎರಡು ಬೇಸಿಗೆ ಕಳೆದರೆ ಬಿರಿಯುತ್ತೆ. ಇದನ್ನ ಕಡೆಯೋವಾಗ ನನ್ನ ಗಮನ ಬೇರೆ ಕಡೆ ಇತ್ತು. ಕೇಳಿದವರು ಮೊದಲು ನಕ್ಕರು. ಆಮೇಲೆ ಕುಂಬಾರನೂ ಮಡಕೆ ಕೊಡೋವಾಗ ತಳ ಸ್ವಲ್ಪ ತೆಳುವು ಅಂದ. ಚಾಪೆ ಹೆಣೆಯೋಳು ಅಂಚು ಸಡಿಲ ಅಂದಳು. ಹಾಗೇ ಊರಿನ ಪದ್ಧತಿ ಆಯಿತು. ಇವತ್ತಿಗೂ ಎಳ್ಳುಕೊಪ್ಪಲಿನಲ್ಲಿ ಕೈಯಿಂದ ಮಾಡಿದ್ದು ಯಾವುದನ್ನೂ ದೋಷ ಹೇಳದೆ ಕೊಡೋದಿಲ್ಲ, ತಗೊಳ್ಳೋರು ಕೇಳಿಸಿಕೊಳ್ಳದೆ ತಗೊಳ್ಳೋದಿಲ್ಲ. ಹೆಣ್ಣು ಗಂಡು ಒಪ್ಪಿಸೋವಾಗಲೂ ಎರಡೂ ಕಡೆಯವರು ಒಂದೊಂದು ದೋಷ ಹೇಳಲೇಬೇಕು. ನನ್ನ ಮದುವೆಯಲ್ಲಿ ನಮ್ಮಪ್ಪ ಮೂರು ಹೇಳಿದ್ದ.

ಕಥೆಯೂ ಬಾಯಿಂದ ಮಾಡಿದ್ದೇ ತಾನೇ. ಅದಕ್ಕೇ ಈ ಕಥೆ ಹೇಳೋರೆಲ್ಲ ಕೊನೆಗೆ ಎದ್ದು ನಿಂತು ಇದರ ದೋಷ ಹೇಳಬೇಕು. ನಾನೂ ಹೇಳ್ತೀನಿ, ಕೇಳಿಸಿಕೊಳ್ಳಿ. ಗಾಣದವನ ಹೆಸರು ನಮಗೆ ಗೊತ್ತು. ಮದ್ದಿನವಳ ಹೆಸರು ಗೊತ್ತು, ತಾಯಿಯ ಹೆಸರು ಗೊತ್ತು. ಮೊದಲು ಸತ್ತುಹೋಯಿತಲ್ಲ ಆ ಕೂಸು, ಅದರ ಹೆಸರು ಏನು ಅಂತ ನಮ್ಮೂರಲ್ಲಿ ಯಾರೂ ನೆನಪಿಟ್ಟುಕೊಳ್ಳಲಿಲ್ಲ.